ಬಲಗಣ್ಣಿಗೆ ಕಂಡ ಕೊಂದೆ

ಮೂರು ವರ್ಷಗಳಿಂದ ಅಮ್ಮನದು ಒಂದೇ ದೂರು. "ಈಗಾಣ ಕೊಂದೆ ಹೂಗಿಂಗೆ ಬಣ್ಣವೇ ಇಲ್ಲೆ."

ನೀರ್ಚಾಲಿನ ಹಳೆ ಮನೆಯ ಮೇಲಿನ ಗುಡ್ಡೆಯಲ್ಲಿ, ಮುರಕಲ್ಲಿನ ಪಾಗಾರಕ್ಕೆ ತಾಗಿಕೊಂಡು ಒಂದು ಕೊಂದೆ ಮರ ಇತ್ತು. ಅಮ್ಮ ಮದುವೆಯಾಗಿ ಬರುವಾಗಲೇ ಅದು ದೊಡ್ಡ ಮರವಂತೆ. ನಮ್ಮ ಹೊಸ ವರ್ಷದ ಹಬ್ಬವಾದ ವಿಷುವಿನ ಮುನ್ನಾದಿನ ಸಂಜೆ ಅಪ್ಪ ಕೊಕ್ಕೆ ಹಿಡಿದು ಹೋಗಿ ಗೊಂಚಲು ಇಳಿಸುತ್ತಿದ್ದರು, ನಾವು ಮಕ್ಕಳು ಕೆಳಗೆ ಹಳೆ ಸೀರೆ ಅಗಲಿಸಿ ಹಿಡಿಯುತ್ತಿದ್ದೆವು. ಶಾಲೆಯ ಕನ್ನಡ ಪಾಠದಲ್ಲಿ ಅದು ಕಕ್ಕೆ, ತೋಟದ ಕೆಲಸಕ್ಕೆ ಬರುವವರ ತುಳುವಿನಲ್ಲೂ ನಮ್ಮ ಹವ್ಯಕ ಮಾತಿನಲ್ಲೂ ಕೊಂದೆ, ಪೇಟೆಯ ಮಲಯಾಳದಲ್ಲಿ ಕಣಿಕೊನ್ನ. ಕೇರಳದ ರಾಜ್ಯಪುಷ್ಪವೂ ಅದೇ ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಅಪ್ಪ ಹೋದ ಮೇಲೆ ಅಮ್ಮ ಕಾಸರಗೋಡಿಗೆ, ವಿದ್ಯಾನಗರದ ನಮ್ಮ ಮನೆಗೆ ಬಂದಳು. ಆಗ ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿಯನ್ನು ಆರು ಪಥ ಮಾಡುವ ಕೆಲಸ ನಡೆಯುತ್ತಿತ್ತು. ದಾರಿ ಬದಿಯ ಎಷ್ಟೋ ಮರಗಳು ಹೋಗಿದ್ದವು, ಉಳಿದವುಗಳ ಎಲೆ ಮೇಲೆ ಕೆಂಪು ಧೂಳು ಕೂತಿರುತ್ತಿತ್ತು. ಹೂವಿಗೆ ಬಣ್ಣ ಇಲ್ಲ ಎಂದು ಅಮ್ಮ ಹೇಳಿದಾಗಲೆಲ್ಲ ನಾನು ಆ ಧೂಳನ್ನು ತೋರಿಸುತ್ತಿದ್ದೆ. ಬಿಳಿ ಸೀರೆ ಎಷ್ಟು ಒಗೆದರೂ ಹಳದಿಯೇ ಎಂದಳು, ಸೋಪಿನ ಪುಡಿ ಬದಲಿಸಿದೆ. ಹಾಲು ನೋಡಿ, ಇದೆಂತ ಕೆನೆ ಕಟ್ಟಿದ ಹಾಗೆ ಕಾಣುತ್ತದೆ ಎಂದಳು, ಪ್ಯಾಕೆಟ್ ಹಾಲಲ್ಲವೇ ಎಂದೆ. ಪ್ರತಿಯೊಂದಕ್ಕೂ ನನ್ನ ಹತ್ತಿರ ಉತ್ತರ ಇತ್ತು.

ಕಳೆದ ವರ್ಷ ಬಿಸಿಲು ಬೇಗ ಏರಿತು. ಕೊಂದೆ ಮರಗಳು ಫೆಬ್ರವರಿಯಲ್ಲೇ ಹೂ ಬಿಟ್ಟು, ವಿಷುವಿನ ಹೊತ್ತಿಗೆ ಹೆಚ್ಚಿನವು ಖಾಲಿಯಾಗಿದ್ದವು. ಪೇಟೆಯ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಕೊಂದೆ ತೂಗುತ್ತಿತ್ತು. ಬೇರೆ ದಾರಿ ಕಾಣದೆ ಅದನ್ನೇ ತಂದು ಕಣಿಗೆ, ಅಂದರೆ ವಿಷುವಿನ ಬೆಳಗ್ಗೆ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳಲೆಂದು ಜೋಡಿಸುವ ಮಂಗಳವಸ್ತುಗಳ ಜೊತೆಗೆ, ಇಟ್ಟೆ. ಬೆಳಗಿನ ಜಾವ ಅಮ್ಮನನ್ನು ಕೈಹಿಡಿದು ಕರೆತಂದು ಕೂರಿಸಿದಾಗ ಅವಳು ಕಣ್ಣು ಬಿಟ್ಟು ದೀಪ ನೋಡಿದಳು, ಕನ್ನಡಿ ನೋಡಿದಳು, ಆಮೇಲೆ ಕೈಚಾಚಿ ಹೂವಿನ ಎಸಳನ್ನು ಎರಡು ಬೆರಳಲ್ಲಿ ಹಿಡಿದಳು. "ಇದು ಹೂಗಲ್ಲ" ಎಂದಳು. ಅಷ್ಟೇ. ಆ ಪ್ಲಾಸ್ಟಿಕ್ಕಿನ ಬಣ್ಣ ಕಣ್ಣಿಗೆ ಹೊಡೆಯುವಂಥ ಹಳದಿ. ಅವಳಿಗೆ ಅದು ಕಂಡಿರಲೇ ಇಲ್ಲ, ಬೆರಳಿಗೆ ಮಾತ್ರ ತಿಳಿದಿತ್ತು. ಆ ದಿನವೂ ನನಗೆ ಅದು ಹೊಳೆಯಲಿಲ್ಲ.

ಈ ವರ್ಷ ಜನವರಿಯಲ್ಲಿ ಅಡಿಗೆಮನೆಯ ಮೆಟ್ಟಿಲು ತಪ್ಪಿ ಅಮ್ಮ ಬಿದ್ದಳು. ಪುಣ್ಯಕ್ಕೆ ಎಲುಬಿಗೆ ಏನೂ ಆಗಲಿಲ್ಲ. ಮಂಗಳೂರಿಗೆ ಕರೆದುಕೊಂಡು ಹೋದೆವು. ಎರಡೂ ಕಣ್ಣಿಗೆ ಪೊರೆ ಬಲಿತಿದೆ ಎಂದರು ಡಾಕ್ಟರು. ವಯಸ್ಸಾದಂತೆ ಕಣ್ಣೊಳಗಿನ ಮಸೂರ ಹಳದಿಗೆ, ಆಮೇಲೆ ಕಂದಿಗೆ ತಿರುಗುತ್ತದಂತೆ. ನೀಲಿ ಬೆಳಕನ್ನು ಅದು ತಡೆಯುತ್ತದೆ, ಬಿಳಿಯೂ ಹಳದಿಯೂ ಒಂದರೊಳಗೊಂದು ಕಲಸಿಹೋಗುತ್ತವೆ. ದಿನಕ್ಕೆ ಕೂದಲೆಳೆಯಷ್ಟು ಬದಲಾಗುವುದರಿಂದ ರೋಗಿಗೇ ಗೊತ್ತಾಗುವುದಿಲ್ಲ. "ಬಣ್ಣ ಮಾಸಿದ ಹಾಗೆ ಕಾಣುತ್ತದೆ ಅಂತ ಇವರು ಹೇಳ್ತಿರಲಿಲ್ವಾ?" ಎಂದು ಕೇಳಿದರು.

ಹೇಳಿದ್ದಳು. ಮೂರು ವರ್ಷ ಹೇಳಿದ್ದಳು.

ಮಾರ್ಚಿಯಲ್ಲಿ ಬಲಗಣ್ಣಿನ ಆಪರೇಷನ್ ಆಯಿತು. ಒಳಗೆ ಕರೆದೊಯ್ದು ಅರ್ಧ ಗಂಟೆಯೊಳಗೆ ಹೊರಗೆ ತಂದರು. ಎಡಗಣ್ಣಿನದು ವಿಷು ಕಳೆದ ಮೇಲೆ ಎಂದು ನಿಶ್ಚಯವಾಯಿತು. ಮರುದಿನ ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದವಳು ಬಾಗಿಲಲ್ಲೇ ನಿಂತು ಕೇಳಿದಳು: "ಗೋಡೆಗೆ ಯೇವಗ ಸುಣ್ಣ ಬಳುದ್ದು?" ನಾಲ್ಕು ವರ್ಷದಿಂದ ನಾವು ಗೋಡೆ ಮುಟ್ಟಿರಲಿಲ್ಲ.

ಅಣ್ಣನ ಮಗಳು ಇರುವುದು ಟೋಕಿಯೊದಲ್ಲಿ. ಪ್ರತಿ ವರ್ಷ ಮಾರ್ಚ್ ಕೊನೆಗೆ ಉಯೆನೊ ಪಾರ್ಕಿಗೆ ಹೋಗಿ ಚೆರಿ ಹೂವಿನ ವಿಡಿಯೊ ಕಳಿಸುತ್ತಾಳೆ. ಎಲೆ ಬರುವ ಮೊದಲೇ ಮರ ತುಂಬ ಹೂ, ಅದರ ಕೆಳಗೆ ಚಾಪೆ ಹಾಸಿ ಬುತ್ತಿ ಬಿಚ್ಚಿ ಕೂತ ಜನ. ಅಲ್ಲಿ ಯಾಸುಕುನಿ ದೇಗುಲದ ಆವರಣದಲ್ಲಿ ಗೊತ್ತು ಮಾಡಿದ ಒಂದು ಚೆರಿ ಮರ ಇದೆಯಂತೆ. ಅದರಲ್ಲಿ ಐದಾರು ಹೂ ಅರಳಿದ ದಿನ ಹವಾಮಾನ ಇಲಾಖೆಯವರು, ಟೋಕಿಯೊದಲ್ಲಿ ಚೆರಿ ಅರಳಿತು ಎಂದು ಅಧಿಕೃತವಾಗಿ ಸಾರುತ್ತಾರೆ. ಹೂವನ್ನು ಕಾಯುವುದು ಒಂದು ಸರಕಾರಿ ಕೆಲಸವೂ ಆಗಿರುವ ಊರು ನನಗೆ ತುಂಬ ಇಷ್ಟವಾಯಿತು. ನಮ್ಮಲ್ಲಿ ದಿನ ಮೊದಲೇ ಗೊತ್ತು, ಏಪ್ರಿಲ್ 14 ಅಥವಾ 15. ಹೂವೇ ಆ ದಿನಕ್ಕೆ ಬಂದು ಸೇರಬೇಕು.

ಹೋದ ವರ್ಷದ ವಿಡಿಯೊ ನೋಡಿ ಅಮ್ಮ ಏನೂ ಹೇಳಿರಲಿಲ್ಲ. ಈ ಸಲ ಫೋನನ್ನು ಮುಖದ ಹತ್ತಿರ ಹಿಡಿದು, "ಇದಕ್ಕೆ ನಸು ಕೆಂಪು ಬಣ್ಣ ಇದ್ದನ್ನೆ!" ಎಂದಳು. ಇನ್ನೊಮ್ಮೆ ಹಾಕಿಸಿ ನೋಡಿದಳು. ಫೋನು ಕೆಳಗಿಟ್ಟು, "ಎನಗೆ ಕೊಂದೆ ನೋಡೆಕ್ಕು" ಎಂದಳು.

ನೀರ್ಚಾಲಿನ ಮರ ಈಗ ಇಲ್ಲ. ಜಾಗ ಕೊಂಡವರು ಗುಡ್ಡೆ ಕಡಿದು ಸಮತಟ್ಟು ಮಾಡಿದ್ದಾರೆ. ಆದರೆ ನಗರಸಭೆಯ ಪಾರ್ಕಿನ ಮೂಲೆಯಲ್ಲಿ ಎರಡು ಮರ ಅರಳಿದ್ದನ್ನು ನಾನು ಕೆಲಸಕ್ಕೆ ಹೋಗುವಾಗ ಕಂಡಿದ್ದೆ. ಭಾನುವಾರ ಬೆಳಿಗ್ಗೆ ಏಳಕ್ಕೆ, ಬಿಸಿಲು ಏರುವ ಮೊದಲು, ರಿಕ್ಷಾ ಮಾಡಿ ಹೋದೆವು. ನಡೆಯುವವರು ನಾಲ್ಕೈದು ಜನ, ಜಾರುಬಂಡಿಯಲ್ಲಿ ಇಬ್ಬರು ಹುಡುಗರು. ಕೊಂದೆಯ ಬುಡದ ಕಲ್ಲುಬೆಂಚಿನಲ್ಲಿ ಅಮ್ಮನನ್ನು ಕೂರಿಸಿದೆ.

ಮೊದಲು ಅವಳು ಮೇಲೆ ನೋಡಲಿಲ್ಲ, ಕಿವಿಗೊಟ್ಟಳು. ಮೇಲೆ ಕಪ್ಪು ದುಂಬಿಗಳು. ಹಾರುವಾಗ ಅವುಗಳದು ಒಂದು ಸ್ವರ. ಹೂವನ್ನು ಅಪ್ಪಿ ಹಿಡಿದ ಕೂಡಲೇ ಅದು ಗಡುಸಾಗಿ, ತುಂಡು ತುಂಡಾಗಿ ಕೇಳುತ್ತದೆ. ಕೊಂದೆಯ ಪರಾಗ ತಾನಾಗಿ ಸುಲಭಕ್ಕೆ ಉದುರುವುದಿಲ್ಲ. ದುಂಬಿ ಕೇಸರಗಳನ್ನು ಹಿಡಿದು ಮೈನಡುಗಿಸಿದಾಗ ಚಿಮ್ಮಿ ಬರುತ್ತದೆ. ಈ ಮೂರು ವರ್ಷ ಕೊಂದೆ ಅರಳಿದ್ದನ್ನು ತಾನು ತಿಳಿಯುತ್ತಿದ್ದುದು ಈ ಸದ್ದಿನಿಂದಲೇ ಎಂದು ಅಮ್ಮ ಹೇಳಿದಳು. ಅದನ್ನು ಹೇಳಿದ್ದು ಅವತ್ತೇ ಮೊದಲು.

ಆಮೇಲೆ ಕಪ್ಪು ಕನ್ನಡಕ ತೆಗೆದು ಮಡಿಲಲ್ಲಿಟ್ಟು ತಲೆ ಎತ್ತಿದಳು.

ಎಲೆ ಹೆಚ್ಚುಕಡಿಮೆ ಪೂರ್ತಿ ಉದುರಿತ್ತು. ಮೊಳದುದ್ದದ ಗೊಂಚಲುಗಳು, ಮೇಲೆ ಅರಳಿದ ಹೂ, ತುದಿಗೆ ಹೋದಂತೆ ಹಸಿರು ಮುತ್ತಿನಂಥ ಮೊಗ್ಗು. ಹೋದ ವರ್ಷದ ಕಪ್ಪು ಕೋಡುಗಳೂ ಅಲ್ಲಲ್ಲಿ ನೇತಾಡುತ್ತಿದ್ದವು. ಮಲಬದ್ಧತೆಗೆ ಅಜ್ಜಿ ಅದರೊಳಗಿನ ಅಂಟು ತಿರುಳನ್ನೇ ಕೊಡುತ್ತಿದ್ದರು, ಆಯುರ್ವೇದದವರ ಆರಗ್ವಧ ಅದೇ. ಗೊಂಚಲುಗಳ ನಡುವೆ ಆಕಾಶ ಇತ್ತು. ಅಮ್ಮ ಮಾತಾಡಲಿಲ್ಲ. ಬಿದ್ದ ಒಂದು ಹೂವನ್ನು ಹೆಕ್ಕಿ ಅವಳ ಅಂಗೈಯಲ್ಲಿಟ್ಟೆ. ಐದು ಎಸಳು, ಎಸಳಲ್ಲಿ ಕೂದಲಿನಂಥ ಗೆರೆ. ಹತ್ತು ಕೇಸರಗಳಲ್ಲಿ ಮೂರು ಮಾತ್ರ ಉದ್ದಕ್ಕೆ ಬೆಳೆದು, ಅಪ್ಪನ ಕೊಕ್ಕೆಯ ಹಾಗೆ ಮೇಲಕ್ಕೆ ಬಾಗಿವೆ. ಅವಳು ಒಂದೊಂದನ್ನೇ ಉಗುರಿನ ತುದಿಯಿಂದ ಎಣಿಸಿದಳು. ಅಕ್ಕಿಯಲ್ಲಿ ಕಲ್ಲು ಆರಿಸುವುದನ್ನೂ ಬಿಟ್ಟಿದ್ದ ಅಮ್ಮ.

"ಹೂಗಿಂಗೆ ಎಂತದೂ ಆಯಿದಿಲ್ಲೆ ಕೂಸೇ" ಎಂದಳು.

ಮತ್ತೆ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ಎಡಗಣ್ಣಲ್ಲಿ ನೋಡಿದಳು. ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ. ಹೀಗೆ ನಾಲ್ಕೈದು ಸಲ. ಎಡಗಣ್ಣಿಗೆ ಹೇಗೆ ಕಾಣುತ್ತದೆ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ಹಳೇ ಪಂಚಾಂಗದ ಹಾಳೆಯ ಹಾಂಗೆ" ಎಂದಳು. ನಾನೂ ತಲೆ ಎತ್ತಿ, ಮೂರು ವರ್ಷ ಅವಳು ಕಂಡ ಆ ಮರವನ್ನು ಕಾಣಲು ನೋಡಿದೆ. ನನ್ನಿಂದಾಗಲಿಲ್ಲ.

ಪಾರ್ಕು ಗುಡಿಸುವ ಹೆಂಗಸು ಹತ್ತಿರ ಬಂದಾಗ ಅಮ್ಮ ತುಳುವಿನಲ್ಲಿ, ಇಲ್ಲಿನ ಹೂ ಸ್ವಲ್ಪ ಹೊತ್ತು ಇರಲಿ ಎಂದಳು. ಅವಳು ಮಲಯಾಳದಲ್ಲಿ, ಇದು ಮಧ್ಯಾಹ್ನದವರೆಗೂ ಬೀಳುತ್ತಲೇ ಇರುತ್ತದೆ, ಈಗ ಗುಡಿಸಿದರೂ ಒಂದೇ ಬಿಟ್ಟರೂ ಒಂದೇ ಎಂದು ಪೊರಕೆ ಊರಿ ನಿಂತಳು. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಕಾಲು ಗಂಟೆ ಮಾತಾಡಿದರು. ನಮ್ಮೂರಲ್ಲಿ ಇದು ಹೊಸತಲ್ಲ. ಪಡುವಣ ಬದಿಯ ಕೊಂಬೆ ಇನ್ನೂ ಮೊಗ್ಗಾಗಿದೆ, ವಿಷುವಿಗೆ ಬೇಕಾದರೆ ಮುನ್ನಾದಿನ ಬನ್ನಿ ಎಂದಳು ಅವಳು.

ಹೋದೆ. ಅವಳೇ ಕೊಂಬೆ ಬಾಗಿಸಿ ಎರಡು ಗೊಂಚಲು ಕೊಟ್ಟಳು. ರಾತ್ರಿ ಉರುಳಿಯಲ್ಲಿ ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ, ಗೇರುಹಣ್ಣು, ವೀಳ್ಯದೆಲೆ, ಅಡಿಕೆ, ಅಮ್ಮನ ಕರಿಮಣಿ ಸರ ಎಲ್ಲ ಇಟ್ಟು, ಕನ್ನಡಿಯ ಮೇಲಿಂದ ಕೊಂದೆ ಇಳಿಬಿಟ್ಟೆ. ಬೆಳಗಿನ ಜಾವ ಅಮ್ಮನ ಕೋಣೆಗೆ ಹೋಗಿ ಕೈಹಿಡಿದು ಎಬ್ಬಿಸಿದೆ. ಕಣ್ಣುಮುಚ್ಚಿಯೇ ನಡೆದು ಬಂದು ಮಣೆಯಲ್ಲಿ ಕೂತಳು.

ಕೂತವಳು ಎಡಗೈ ಎತ್ತಿ ಎಡಗಣ್ಣನ್ನು ಪೂರ್ತಿ ಮುಚ್ಚಿಕೊಂಡಳು. ಆಮೇಲೆ ಬಲಗಣ್ಣು ಬಿಟ್ಟಳು.