ಮೂರು ಕಾಸಿನ ಜಗಳ

ನಾನು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವನು. 1991ರಲ್ಲಿ ಶಿವಮೊಗ್ಗದಿಂದ ಕಲ್ಕತ್ತೆಗೆ ವರ್ಗವಾದಾಗ ಲೇಕ್ ಮಾರ್ಕೆಟ್ ಹತ್ತಿರ ಮನೆ ಹಿಡಿದೆ. ಅಲ್ಲಿ ಕಾಫಿಪುಡಿ, ಕರಿಬೇವು ಸಿಗುತ್ತಿದ್ದವು, ಅಷ್ಟು ಸಾಕಾಗಿತ್ತು. ಮನೆಯ ಯಜಮಾನರು ಒಂದು ಸಂಜೆ, "1953ರಲ್ಲಿ ಟ್ರಾಮ್ ದರಕ್ಕೆ ಏರಿಸಿದ ಒಂದು ಪೈಸೆಗಾಗಿ ಈ ಊರು ಒಂದು ತಿಂಗಳು ಬಡಿದಾಡಿತು" ಎಂದರು. ನನಗೆ ನಗು ಬಂತು. ಕೆಲಸಕ್ಕೆ ಬಾರದವನನ್ನು ನಮ್ಮ ಕಡೆ ಮೂರು ಕಾಸಿನವನು ಎನ್ನುತ್ತೇವೆ. ಆ ಕಾಲದ ಒಂದು ಪೈಸೆ ಸರಿಯಾಗಿ ಅದೇ ಮೂರು ಕಾಸು, ಕಾಲಾಣೆ.

"ಲೆಕ್ಕ ಹಾಕಿ ನೋಡಿ, ಕ್ಯಾಷಿಯರ್ ಬಾಬು" ಎಂದರು. ಹಾಕಿದೆ. ದಿನಕ್ಕೆ ಎರಡು ಸಲ, ತಿಂಗಳಿಗೆ 26 ದಿನ: 52 ಪೈಸೆ, ಅಂದರೆ ಹದಿಮೂರು ಆಣೆ. ನಗು ನಿಂತಿತು.

ಟ್ರಾಮ್ ಕಂಪನಿ ಲಂಡನ್ನಿನದು. ಸ್ವಾತಂತ್ರ್ಯ ಬಂದು ಆರು ವರ್ಷವಾಗುತ್ತಿದ್ದರೂ ಹಾಗೆಯೇ ಇತ್ತು. 1953ರ ಜುಲೈ 1ರಿಂದ ಅದು ಎರಡನೆಯ ದರ್ಜೆಗೆ ಒಂದು ಪೈಸೆ ಏರಿಸಿತು. ಎರಡನೆಯ ದರ್ಜೆ ಎಂದರೆ ಹಿಂದಿನ ಡಬ್ಬಿ. ಅದರಲ್ಲಿ ಹೋಗುತ್ತಿದ್ದವರು ಖಿದಿರ್‌ಪುರದ ಹಡಗುಕಟ್ಟೆಯ ಕೂಲಿಗಳು, ಗುಮಾಸ್ತರು, ದೇಶ ಒಡೆದಾಗ ಪೂರ್ವ ಬಂಗಾಳದಿಂದ ಬರಿಗೈಯಲ್ಲಿ ಬಂದವರು. ಯಜಮಾನರೂ ಬಾರಿಸಾಲಿನಿಂದ ಹಾಗೆ ಬಂದವರೇ. ಆಗ ಜಾದವಪುರದ ಕಡೆ ನಿರಾಶ್ರಿತರ ಕಾಲೊನಿಯಲ್ಲಿದ್ದು ಕಾಲೇಜು ಓದುತ್ತಿದ್ದರಂತೆ.

ಜ್ಯೋತಿ ಬಸು, ಹೇಮಂತ ಬಸು ಮುಂತಾದ ಎಡಪಕ್ಷಗಳ ನಾಯಕರು ಸೇರಿ ಪ್ರತಿರೋಧ ಸಮಿತಿ ಕಟ್ಟಿದರು. ಜನ ಹಳೆಯ ದರವನ್ನಷ್ಟೇ ಕೊಟ್ಟರು. "ಚಿಲ್ಲರೆಯನ್ನು ಮೊದಲೇ ಎಣಿಸಿ ಮುಷ್ಟಿಯಲ್ಲಿ ಹಿಡಿದುಕೊಂಡೇ ಹತ್ತುತ್ತಿದ್ದೆ" ಎಂದು ಯಜಮಾನರು ಕೈ ಮುಚ್ಚಿ ತೋರಿಸಿದರು. ಆಮೇಲೆ ಬಂಧನ, ಬಂದ್, ಲಾಠಿ, ಗುಂಡು. ಮೈದಾನದಲ್ಲಿ ಪೊಲೀಸರು ಪತ್ರಕರ್ತರನ್ನೂ ಬಡಿದರು. ಕೊನೆಗೆ ಸರ್ಕಾರ ಮಣಿದು ಏರಿಕೆಯನ್ನು ತಡೆಹಿಡಿಯಿತು.

ಟ್ರಾಮ್‌ಗಳೂ ಸುಟ್ಟಿದ್ದವಲ್ಲ, ಅದನ್ನು ಮಾಡಿದವರು ಯಾರು ಎಂದು ಕೇಳಿದೆ. ಯಜಮಾನರು ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದರು. ಮತ್ತೆ ಕೇಳಲಿಲ್ಲ. ಬಾಡಿಗೆಯವನಿಗೆ ಅಷ್ಟು ಸಲುಗೆ ಇರಲಿಲ್ಲ.

ಅವರೊಂದಿಗೆ ಎಸ್ಪ್ಲನೇಡಿಗೆ ಹೋಗುವಾಗಲೆಲ್ಲ ನನಗೆ ಒಂದೇ ತಕರಾರು. ಮುಂದಿನ ಡಬ್ಬಿಯಲ್ಲಿ ಫ್ಯಾನು ಇತ್ತು, ಇಬ್ಬರ ಜೇಬಿನಲ್ಲೂ ದುಡ್ಡಿತ್ತು. ಆದರೂ ಅವರು ಹಿಂದಿನದಕ್ಕೇ ಹತ್ತುತ್ತಿದ್ದರು. ಮೇ ತಿಂಗಳಿನಲ್ಲೂ. ನಾನು ಬೆವರು ಒರೆಸಿಕೊಳ್ಳುತ್ತ ಪಕ್ಕದಲ್ಲಿ ಕೂರುತ್ತಿದ್ದೆ.