ಫಿಟ್ಜ್‌ರಾಯ್ ಕ್ಲಬ್ 1996ರಲ್ಲೇ ಮುಚ್ಚಿಹೋಯ್ತಲ್ವಾ?

ಮೆಲ್ಬರ್ನ್‌ಗೆ ಹೊಸದಾಗಿ ಬಂದ ಕನ್ನಡದವರು, ಅದರಲ್ಲೂ ಇಲ್ಲಿನ ಫುಟ್‌ಬಾಲ್ ಆದ ಫುಟಿಯ ಹುಚ್ಚು ಆಗತಾನೆ ಹತ್ತಿದವರು, ನನ್ನನ್ನು ಕೇಳದೆ ಬಿಡದ ಪ್ರಶ್ನೆ ಇದು. ಶನಿವಾರ ಫಿಟ್ಜ್‌ರಾಯ್ ಮ್ಯಾಚಿಗೆ ಹೋಗ್ತಿದೀನಿ ಅಂದರೆ ಸಾಕು. "ಅದು ಬ್ರಿಸ್ಬೇನ್ ಜೊತೆ ಸೇರಿಹೋಯ್ತಲ್ವಾ? ಈಗ ಆಡ್ತಿರೋರು ಯಾರು? ಸುಮ್ನೆ ಹೆಸರು ಇಟ್ಕೊಂಡಿದಾರಾ?"

ಸುಮ್ನೆ ಹೆಸರಲ್ಲ. ಕ್ಲಬ್ ಅದೇ, ಮೈದಾನವೂ ಅದೇ. ಕೈಬಿಟ್ಟು ಹೋಗಿದ್ದು ದೊಡ್ಡ ಲೀಗ್‌ನಲ್ಲಿ ಆಡುವ ಹಕ್ಕು ಮಾತ್ರ. ಈಗ ಅದು ಸಂಬಳವಿಲ್ಲದೆ ಆಡುವವರ ಕ್ಲಬ್. ಹೀಗೆ ಹೇಳಿದರೆ ಯಾರೂ ಒಪ್ಪಲ್ಲ, ಅದಕ್ಕೇ ಸ್ವಲ್ಪ ಹಿಂದಿನಿಂದ ಹೇಳಬೇಕಾಗುತ್ತದೆ.

ಫುಟಿ ಅಂದರೆ ಆಸ್ಟ್ರೇಲಿಯನ್ ರೂಲ್ಸ್. ಒಂದೊಂದು ಕಡೆ 18 ಜನ, ಮೊಟ್ಟೆಯಾಕಾರದ ಚೆಂಡು, ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ ಆರು ಪಾಯಿಂಟ್, ಪಕ್ಕದ ಸಂದಿಯಲ್ಲಿ ಹೋದರೆ ಒಂದು. ಇಷ್ಟು ಗೊತ್ತಿದ್ದರೆ ಸಾಕು, ಉಳಿದದ್ದು ನೋಡ್ತಾ ನೋಡ್ತಾ ಬರುತ್ತದೆ.

ಫಿಟ್ಜ್‌ರಾಯ್ ಮೆಲ್ಬರ್ನ್ ಪೇಟೆಗೆ ತಾಗಿಕೊಂಡೇ ಇರುವ ಬಡಾವಣೆ. ಈಗ ಅಲ್ಲಿ ಒಂದು ಕಾಫಿಗೆ ಕೊಡುವ ದುಡ್ಡು ನೋಡಿದರೆ ನಂಬೋದು ಕಷ್ಟ, ಆದರೆ ಒಂದು ಕಾಲಕ್ಕೆ ಅದು ಕಾರ್ಖಾನೆ ಕೆಲಸಗಾರರ, ಕೈಯಲ್ಲಿ ಕಾಸಿಲ್ಲದವರ ಏರಿಯಾ. ಕ್ಲಬ್ ಶುರುವಾಗಿದ್ದು 1883ರಲ್ಲಿ. ಎಡಿನ್‌ಬರೋ ಗಾರ್ಡನ್ಸ್ ಪಾರ್ಕಿನ ಒಂದು ಮೂಲೆಯಲ್ಲಿರುವ ಬ್ರನ್ಸ್‌ವಿಕ್ ಸ್ಟ್ರೀಟ್ ಓವಲ್ ಅದರ ಮನೆ. ಅಲ್ಲಿನ ಮರದ ಗ್ರ್ಯಾಂಡ್‌ಸ್ಟ್ಯಾಂಡ್ 1888ರದ್ದು, ಇವತ್ತಿಗೂ ನಿಂತಿದೆ. 1897ರಲ್ಲಿ ವಿಕ್ಟೋರಿಯನ್ ಫುಟ್‌ಬಾಲ್ ಲೀಗ್‌ನ ಆಟ ಶುರುವಾದಾಗ ಅದರ ಎಂಟು ಕ್ಲಬ್‌ಗಳಲ್ಲಿ ಇದೂ ಒಂದು. ಮರುವರ್ಷವೇ ಕಪ್ ಗೆದ್ದರು, ಅದರ ಮುಂದಿನ ವರ್ಷ ಮತ್ತೆ.

ನನಗೆ ತುಂಬಾ ಇಷ್ಟವಾದ ಕಥೆ 1916ರದ್ದು. ಯುದ್ಧದ ಕಾಲ. ಬಹುಪಾಲು ಕ್ಲಬ್‌ಗಳು ಆ ವರ್ಷ ಆಡಲ್ಲ ಅಂದುಬಿಟ್ಟವು. ಉಳಿದಿದ್ದು ನಾಲ್ಕೇ. ಫಿಟ್ಜ್‌ರಾಯ್ 12 ಪಂದ್ಯಗಳಲ್ಲಿ ಎರಡು ಗೆದ್ದು, ಒಂದು ಸಮ ಮಾಡಿಕೊಂಡು, ಕಟ್ಟಕಡೆಯ ಸ್ಥಾನದಲ್ಲಿ ಕೂತಿತು. ಆದರೆ ಇರುವುದೇ ನಾಲ್ಕು ತಂಡ, ಫೈನಲ್ಸ್‌ಗೂ ನಾಲ್ಕು ಬೇಕು. ಹಾಗಾಗಿ ಇವರೂ ಒಳಗೆ! ಅಲ್ಲಿಂದ ಒಂದಾದ ಮೇಲೊಂದು ಗೆದ್ದು ಕಪ್ ಎತ್ತಿಬಿಟ್ಟರು. ಒಂದೇ ವರ್ಷ ಕೊನೆಯ ಸ್ಥಾನವೂ ಚಾಂಪಿಯನ್ ಪಟ್ಟವೂ ಒಂದೇ ತಂಡಕ್ಕೆ. ಆ ಲೀಗ್‌ನಲ್ಲಿ ಇನ್ಯಾರೂ ಹೀಗೆ ಮಾಡಿಲ್ಲ.

ಇನ್ನೊಬ್ಬರ ಹೆಸರು ಹೇಳಲೇಬೇಕು, ಡಗ್ ನಿಕೋಲ್ಸ್. ಮೂಲನಿವಾಸಿ ಹುಡುಗ, ಕುಳ್ಳ, ಓಟದಲ್ಲಿ ಮಿಂಚು. 1920ರ ದಶಕದಲ್ಲಿ ಬೇರೊಂದು ಕ್ಲಬ್ಬಿನಲ್ಲಿ ಆಡಲು ಹೋದರೆ, ಅವನ ಮೈ ಮುಟ್ಟಿ ಮಾಲೀಶು ಮಾಡೋಕೆ ಅಲ್ಲಿನವರು ಒಪ್ಪಲಿಲ್ಲ. ಕೊನೆಗೆ 1932ರಲ್ಲಿ ಫಿಟ್ಜ್‌ರಾಯ್‌ಗೆ ಬಂದ. ಇಲ್ಲೂ ಮೊದಲು ಮೂಲೆಯಲ್ಲಿ ಒಬ್ಬನೇ ಕೂರುತ್ತಿದ್ದನಂತೆ. ಆಗ ಅವನ ಪಕ್ಕ ಬಂದು ಕೂತವನು ಹೇಡನ್ ಬಂಟನ್. ಬಂಟನ್ ಅಂದರೆ ಲೀಗ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್‌ಲೋ ಮೆಡಲ್ಲನ್ನು ಮೂರು ಸಲ ಗೆದ್ದ ದೊಡ್ಡ ತಾರೆ. ನಿಕೋಲ್ಸ್ ಆಮೇಲೆ ಪಾದ್ರಿಯಾದರು, ತಮ್ಮ ಜನರ ಹಕ್ಕಿಗಾಗಿ ದುಡಿದರು, 1976ರಲ್ಲಿ ಸೌತ್ ಆಸ್ಟ್ರೇಲಿಯಾದ ಗವರ್ನರ್ ಆದರು. ಅದೇ ಲೀಗ್ (ಈಗಿನ ಹೆಸರು ಎಎಫ್‌ಎಲ್) ಈಗ ಪ್ರತಿ ವರ್ಷ ಅವರ ಹೆಸರಿನಲ್ಲೇ ಒಂದು ಸುತ್ತು ಆಡಿಸುತ್ತದೆ.

ಹಾಗಾದರೆ ಕೆಟ್ಟಿದ್ದೆಲ್ಲಿ? ನನ್ನ ಪ್ರಕಾರ 1966ರಲ್ಲಿ. ಆ ವರ್ಷದ ನಂತರ ಕ್ಲಬ್ ಬ್ರನ್ಸ್‌ವಿಕ್ ಸ್ಟ್ರೀಟ್ ಓವಲ್ ಬಿಟ್ಟಿತು. ಅಲ್ಲಿಂದ ಬಾಡಿಗೆ ಮನೆ ಬದಲಿಸಿದ ಹಾಗೆ ಪ್ರಿನ್ಸಸ್ ಪಾರ್ಕ್, ಜಂಕ್ಷನ್ ಓವಲ್, ವಿಕ್ಟೋರಿಯಾ ಪಾರ್ಕ್, ಮತ್ತೆ ಪ್ರಿನ್ಸಸ್ ಪಾರ್ಕ್, ಕೊನೆಗೆ ವೆಸ್ಟರ್ನ್ ಓವಲ್. ನಡುವೆ ಕೆಲವು ಪಂದ್ಯ ಸಮುದ್ರ ದಾಟಿ ಟಾಸ್ಮೇನಿಯಾದ ಹೋಬಾರ್ಟ್‌ನಲ್ಲೂ ಆಡಿದರು. ಸ್ವಂತ ಮೈದಾನವಿಲ್ಲದ ಕ್ಲಬ್ಬಿಗೆ ಸದಸ್ಯರೂ ಕಮ್ಮಿ, ಗೇಟ್ ದುಡ್ಡೂ ಕಮ್ಮಿ. ಅಷ್ಟರಲ್ಲಿ ಲೀಗ್ ಇಡೀ ದೇಶಕ್ಕೆ ಹರಡಿತು, ಖರ್ಚು ಏರಿತು. 1989ರಲ್ಲಿ ಫುಟ್ಸ್‌ಕ್ರೇ ಜೊತೆ ಸೇರಿಸುವ ಮಾತಾಯಿತು. ಫುಟ್ಸ್‌ಕ್ರೇ ಜನ ಬೀದಿಗಿಳಿದು ಚಂದಾ ಎತ್ತಿ ತಮ್ಮ ಕ್ಲಬ್ ಉಳಿಸಿಕೊಂಡರು. ಫಿಟ್ಜ್‌ರಾಯ್ ಅಲ್ಲೇ ಉಳಿಯಿತು, ಸಾಲದಲ್ಲಿ.

ಆ ಸಾಲ ಕೊಟ್ಟವರು ಯಾರು ಅಂದರೆ ನಗು ಬರುತ್ತದೆ. ನೌರು! ಪೆಸಿಫಿಕ್ ಸಾಗರದ ಪುಟ್ಟ ದ್ವೀಪ, ಫಾಸ್ಫೇಟ್ ಅಗೆದು ಶ್ರೀಮಂತವಾಗಿದ್ದ ದೇಶ, ಅಲ್ಲಿನವರಿಗೂ ಫುಟಿ ಅಂದರೆ ಪ್ರಾಣ. ಅಲ್ಲಿನ ಸರ್ಕಾರಿ ವಿಮಾ ಸಂಸ್ಥೆ ಕೊಟ್ಟಿದ್ದು 12.5 ಲಕ್ಷ ಡಾಲರ್. 1996ರ ಜೂನ್ ಕೊನೆಗೆ ಅವರು ವಸೂಲಿಗೆ ಆಡಳಿತಾಧಿಕಾರಿಯನ್ನು ಕೂರಿಸಿದರು. ನಾರ್ತ್ ಮೆಲ್ಬರ್ನ್ ಜೊತೆ ಸೇರೋದು ಹೆಚ್ಚುಕಮ್ಮಿ ಖಾತ್ರಿಯಾಗಿತ್ತು. ಆದರೆ ಎರಡೂ ಸೇರಿದರೆ ತಂಡ ಅತಿ ಬಲವಾಗುತ್ತದೆ ಅಂತ ಉಳಿದ ಕ್ಲಬ್‌ಗಳಿಗೆ ಭಯ. ಜುಲೈ 4ಕ್ಕೆ ಲೀಗ್ ಬ್ರಿಸ್ಬೇನ್ ಬೇರ್ಸ್ ಕಡೆ ವಾಲಿತು. ಆಗಸ್ಟ್ 25ರಂದು ಮೆಲ್ಬರ್ನ್‌ನಲ್ಲಿ ಫಿಟ್ಜ್‌ರಾಯ್‌ನ ಕೊನೆಯ ಪಂದ್ಯ, ರಿಚ್ಮಂಡ್ ಎದುರು 151 ಪಾಯಿಂಟ್ ಸೋಲು. ಮುಂದಿನ ವಾರ, ಸೆಪ್ಟೆಂಬರ್ 1ರಂದು, ಪರ್ತ್‌ನಲ್ಲಿ ಫ್ರೀಮ್ಯಾಂಟಲ್ ಎದುರು 86 ಪಾಯಿಂಟ್ ಸೋಲು. ಆ ವರ್ಷ ಇಡೀ ಗೆದ್ದಿದ್ದು ಒಂದೇ ಪಂದ್ಯ, ಅದೂ ಇದೇ ಫ್ರೀಮ್ಯಾಂಟಲ್ ಮೇಲೆ.

ಇಲ್ಲೇ ಜನ ತಪ್ಪು ತಿಳಿಯೋದು. ಬ್ರಿಸ್ಬೇನ್‌ಗೆ ಹೋಗಿದ್ದು ಎಂಟು ಆಟಗಾರರು, ಸಿಂಹದ ಗುರುತು, ಬಣ್ಣ, ಫ್ರಾನ್ಸ್ ರಾಷ್ಟ್ರಗೀತೆಯ ರಾಗದ ಕ್ಲಬ್ ಹಾಡು. ಆದರೆ ಫಿಟ್ಜ್‌ರಾಯ್ ಫುಟ್‌ಬಾಲ್ ಕ್ಲಬ್ ಅನ್ನುವ ಕಂಪನಿಯನ್ನು ಯಾರೂ ಮುಚ್ಚಲಿಲ್ಲ. ಆಡಳಿತಾಧಿಕಾರಿಯ ಕೆಲಸ ಮುಗಿದು 1998ರಲ್ಲಿ ಅದು ಸದಸ್ಯರ ಕೈಗೆ ವಾಪಸ್ ಬಂತು. ಕ್ಲಬ್ ಇದೆ, ಸದಸ್ಯರಿದ್ದಾರೆ, ತಂಡ ಮಾತ್ರ ಇಲ್ಲ! ಕೆಲಕಾಲ ಕೋಬರ್ಗ್ ಕ್ಲಬ್ಬಿಗೆ ಬೆಂಬಲ ಕೊಟ್ಟರು. ಆಮೇಲೆ ಕಣ್ಣಿಗೆ ಬಿದ್ದಿದ್ದು ರೆಡ್ಸ್. ಮೆಲ್ಬರ್ನ್ ಯೂನಿವರ್ಸಿಟಿ ಹುಡುಗರ ತಂಡವಾಗಿ ಹುಟ್ಟಿದ ರೆಡ್ಸ್, ಅಷ್ಟು ಹೊತ್ತಿಗೆ ಬ್ರನ್ಸ್‌ವಿಕ್ ಸ್ಟ್ರೀಟ್ ಓವಲ್‌ನಲ್ಲೇ ಆಡುತ್ತಿದ್ದರು. ಇವರ ಹತ್ತಿರ ಹೆಸರು, ಅವರ ಹತ್ತಿರ ಹುಡುಗರು ಮತ್ತು ಮೈದಾನ. 2009ರಿಂದ ಎರಡೂ ಸೇರಿ ಫಿಟ್ಜ್‌ರಾಯ್ ಆಗಿ ಕಣಕ್ಕಿಳಿದರು, ವಿಕ್ಟೋರಿಯನ್ ಅಮೆಚೂರ್ ಫುಟ್‌ಬಾಲ್ ಅಸೋಸಿಯೇಷನ್‌ನಲ್ಲಿ. ಬಾಯಲ್ಲಿ ಎಲ್ಲರೂ ವಾಫಾ ಅನ್ನುತ್ತಾರೆ. ಅದೂ ಹಳೇ ಸಂಸ್ಥೆಯೇ, 1892ರದ್ದು.

ವಾಫಾದಲ್ಲಿ ಆಡಿದರೆ ಸಂಬಳವಿಲ್ಲ. ಆಟಗಾರರೇ ವರ್ಷಕ್ಕಿಷ್ಟು ಅಂತ ಕ್ಲಬ್ಬಿಗೆ ಕಟ್ಟಬೇಕು. ಸ್ಕೋರ್ ಬರೆಯೋದು, ಬಾರ್ ನೋಡಿಕೊಳ್ಳೋದು, ನೀರು ಹಿಡಿದು ಓಡೋದು ಎಲ್ಲ ಸದಸ್ಯರೇ. ಮೂರನೇ ಕ್ವಾರ್ಟರ್ ಮುಗಿದಾಗ ನೋಡಬೇಕು. ಅಜ್ಜಂದಿರು, ಮಕ್ಕಳು, ನಾಯಿಗಳು, ಎಲ್ಲರೂ ಬೇಲಿ ದಾಟಿ ಮೈದಾನಕ್ಕೆ ಇಳಿಯುತ್ತಾರೆ. ಕೆಸರು ಮೆತ್ತಿದ ಹುಡುಗರು ಏದುಸಿರು ಬಿಡುತ್ತಾ ಗುಂಪಾಗಿ ನಿಂತಿರುತ್ತಾರೆ, ಕೋಚ್ ಬೈಯುತ್ತಿರುತ್ತಾರೆ. ನೀವು ಅವರ ಬೆನ್ನ ಹಿಂದೆಯೇ ನಿಂತು ಆ ಬೈಗುಳ ಪೂರ್ತಿ ಕೇಳಬಹುದು. ಎಂಸಿಜಿಯಲ್ಲಿ ಇದು ಆಗೋ ಮಾತಾ? 2017ರಲ್ಲಿ ವಾಫಾ ಮಹಿಳೆಯರ ಲೀಗ್ ಶುರು ಮಾಡಿತು, ಈಗ ಫಿಟ್ಜ್‌ರಾಯ್‌ಗೆ ಹೆಂಗಸರ ತಂಡವೂ ಇದೆ.

ಬ್ರಿಸ್ಬೇನ್ ಮೇಲೆ ನನಗೆ ಕೋಪವೇನಿಲ್ಲ. 2009ರ ಕೊನೆಗೆ ಅವರು ಹಳೇ ಸಿಂಹ ತೆಗೆದು ಬೇರೆ ಸಿಂಹ ಹಾಕಿದಾಗ ಫಿಟ್ಜ್‌ರಾಯ್ ಕೋರ್ಟಿಗೆ ಹೋಯಿತು, 2010ರಲ್ಲಿ ರಾಜಿಯಾಯಿತು, ಮುಂದೆ ಹಳೇ ಸಿಂಹ ಅವರ ಅಂಗಿಗೆ ವಾಪಸ್ ಬಂತು. ಹಳೇ ಅಭಿಮಾನಿಗಳಲ್ಲಿ ಬ್ರಿಸ್ಬೇನ್‌ಗೆ ಕೂಗುವವರಿದ್ದಾರೆ, ನಾರ್ತ್ ಮೆಲ್ಬರ್ನ್‌ಗೆ ಹೋದವರಿದ್ದಾರೆ, ಆಮೇಲೆ ಎಎಫ್‌ಎಲ್ಲೇ ನೋಡದವರೂ ಇದ್ದಾರೆ. ಯಾರನ್ನೂ ತಪ್ಪು ಅನ್ನೋಕಾಗಲ್ಲ. ಬ್ರಿಸ್ಬೇನ್‌ನವರು 2001ರಿಂದ 2003ರವರೆಗೆ ಸತತ ಮೂರು ಕಪ್, ಮತ್ತೆ 2024ರಲ್ಲಿ, 2025ರಲ್ಲಿ ಗೆದ್ದರಲ್ಲ, ಅದನ್ನೂ ಫಿಟ್ಜ್‌ರಾಯ್ ಲೆಕ್ಕಕ್ಕೆ ಸೇರಿಸಬೇಕು ಅಂತ ವಾದ ಮಾಡುವವರು ಸಿಗುತ್ತಾರೆ. ಬ್ರಿಸ್ಬೇನ್ ಗೆದ್ದರೆ ನನಗೂ ಖುಷಿಯೇ. ಆದರೆ ಫಿಟ್ಜ್‌ರಾಯ್‌ದು 1898ರಿಂದ 1944ರವರೆಗೆ ಎಂಟು ಕಪ್, ಅಷ್ಟೇ.