ಚಿಕ್ಕಪ್ಪನ ಕ್ವಾಲಿಸ್ಸು, ಜಪಾನಿನ ಮಗ್ಗ

ನಮ್ ಚಿಕ್ಕಪ್ಪ ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲರ್, ಅಂದ್ರೆ ರೇಷ್ಮೆ ಗೂಡಿಂದ ನೂಲು ತೆಗೆಯೋರು. 2003ನೇ ಮಾಡೆಲ್ ಟೊಯೋಟಾ ಕ್ವಾಲಿಸ್ ಇನ್ನೂ ಇಟ್ಕೊಂಡಿದಾರೆ, ಮಾರಿಬಿಡಿ ಅಂದ್ರೆ "ಬೇಕಾದ್ರೆ ನಿನ್ನ ಮಾರ್ತೀನಿ, ಇದನ್ನಲ್ಲ" ಅಂತಾರೆ. ಹಿಂದಿನ ಸೀಟ್ ಮಡಚಿ ಮಾರ್ಕೆಟ್ಟಿಂದ ಗೂಡಿನ ಮೂಟೆ ತರೋದು, ಭಾನುವಾರ ಅದೇ ಸೀಟ್ ಬಿಚ್ಚಿ ಮನೆಮಂದಿಯೆಲ್ಲ ನಂದಿಗೆ ಹೋಗೋದು, ಎಷ್ಟು ಊದುಬತ್ತಿ ಹಚ್ಚಿದ್ರೂ ಆ ಗೂಡಿನ ವಾಸನೆ ಮಾತ್ರ ಹೋಗಿಲ್ಲ. 2.4 ಲೀಟರ್ ಡೀಸೆಲ್ ಇಂಜಿನ್ನು, ಓಟ ಆನೆ ನಡಿಗೆ. ದಾರೀಲಿ ನಿಂತಿದ್ದು ಒಂದೇ ಸಲ, ಅದೂ ಚಿಕ್ಕಪ್ಪ ಡೀಸೆಲ್ ಹಾಕ್ಸೋದೇ ಮರ್ತಿದ್ರು!

ಈ ಟೊಯೋಟಾದವ್ರ ಕಥೆ ಶುರುವಾಗಿದ್ದೂ ನೂಲಿಂದಾನೇ. ಸಕಿಚಿ ಟೊಯೋಡಾ 1924ರಲ್ಲಿ ಮಾಡಿದ ಆಟೋಮ್ಯಾಟಿಕ್ ಮಗ್ಗದಲ್ಲಿ ಎಳೆ ಕಟ್ಟಾದ್ರೆ ಮಷೀನು ತಾನೇ ನಿಂತೋಗ್ತಿತ್ತು, 1929ರಲ್ಲಿ ಅದರ ಪೇಟೆಂಟ್ ಹಕ್ಕನ್ನ ಇಂಗ್ಲೆಂಡಿನ ಕಂಪನಿಗೆ ಕೊಟ್ರು, ಮಗ ಕೀಚಿರೋ ಕಾರಿನ ಹುಚ್ಚು ಹತ್ತಿಸ್ಕೊಂಡು 1937ರಲ್ಲಿ ಮೋಟಾರ್ ಕಂಪನೀನೇ ಮಾಡಿಬಿಟ್ಟ. ಹೆಸರು ಟೊಯೋಡಾ ಇಂದ ಟೊಯೋಟಾ ಆಗಿದ್ದಕ್ಕೆ ಒಂದು ಕಾರಣ, ಜಪಾನಿ ಲಿಪೀಲಿ ಬರೆದ್ರೆ ಎಂಟೇ ಗೀಟು ಬರತ್ತಂತೆ, ಎಂಟು ಅವ್ರಿಗೆ ಶುಭ. (ನಮ್ಮ ಕಡೆ ಗಾಡಿ ನಂಬರ್ ಕೂಡಿಸಿ ನೋಡೋರು ಇದಾರಲ್ಲ, ಹಂಗೆ.)

ಬಿಡದಿ ಫ್ಯಾಕ್ಟರಿಯಿಂದ ಕ್ವಾಲಿಸ್ ಬಂದಿದ್ದು 2000ದಲ್ಲಿ, 2005ಕ್ಕೆ ಇನ್ನೋವಾ ಬಂತು, ಇದು ನಿಂತೋಯ್ತು.

ಮಗ್ಗದ ಕಥೆ ಚಿಕ್ಕಪ್ಪಂಗೆ ಹೇಳ್ದೆ. ಎಳೆ ಕಟ್ಟಾದ್ರೆ ತಾನೇ ನಿಲ್ಲತ್ತಾ ಅಂತ ಎರಡು ಸಲ ಕೇಳಿದ್ರು. "ಹಂಗಾದ್ರೆ ಅವ್ರು ನಮ್ಮೋರೇ ಬಿಡೋ" ಅಂದು ಕ್ವಾಲಿಸ್ ಗ್ಲಾಸ್ ಒರೆಸೋಕೆ ಹೋದ್ರು.